ಮನೆಕೂಟದಲ್ಲಿ ನಿತ್ಯಜೀವದ ಪಾಠ: ನಾಲ್ಕು ವಾರ ನಡೆಸುವ ಬಗೆ

ಮನುಷ್ಯ ಯಾಕೆ ಹುಟ್ಟಿದ್ದಾನೆ, ಸತ್ತ ಮೇಲೆ ಏನಾಗುತ್ತದೆ ಎಂದು ಯಾವುದಾದರೂ ಮನೆಕೂಟದಲ್ಲಿ ಕೇಳಿ ನೋಡಿ. ಸಾಮಾನ್ಯವಾಗಿ ಬರುವ ಉತ್ತರ ಇದು: "ಒಳ್ಳೆಯವರಾಗಿ ಬಾಳಿದರೆ ಸತ್ತ ಮೇಲೆ ಆತ್ಮ ಪರಲೋಕಕ್ಕೆ ಹೋಗುತ್ತದೆ." ಕೇಳಲು ಸರಿಯಾಗಿಯೇ ಇದೆ. ಆದರೆ ಈ ಪುಟ್ಟ ವಾಕ್ಯದಲ್ಲಿ ಮೂರು ತೊಡಕುಗಳಿವೆ. "ಒಳ್ಳೆಯವರಾಗಿ ಬಾಳಿದರೆ" ಅನ್ನುವುದು ಕೃಪೆಯನ್ನು ಕೂಲಿಯಾಗಿಸುತ್ತದೆ. "ಸತ್ತ ಮೇಲೆ" ಅನ್ನುವುದು ಈಗಲೇ ಶುರುವಾಗಬೇಕಾದದ್ದನ್ನು ಮುಂದಕ್ಕೆ ಹಾಕುತ್ತದೆ. "ಆತ್ಮ ಹೋಗುತ್ತದೆ" ಅನ್ನುವುದು ದೇಹವನ್ನು ಇಲ್ಲೇ ಬಿಟ್ಟುಬಿಡುತ್ತದೆ. ನಾಲ್ಕು ವಾರಗಳ ಕೆಲಸ ಈ ಮೂರು ಗಂಟುಗಳನ್ನು ಒಂದೊಂದಾಗಿ ಬಿಡಿಸುವುದು.

ಇದು ಪಾದ್ರಿಗಳಿಗಾಗಿ ಬರೆದದ್ದಲ್ಲ. ಸಂಡೇ ಸ್ಕೂಲ್ ಟೀಚರ್, ಯೂತ್ ಫೆಲೋಶಿಪ್ ನಡೆಸುವವರು, ಸ್ತ್ರೀಯರ ಕೂಟದಲ್ಲಿ ವಾಕ್ಯ ಹಂಚಿಕೊಳ್ಳುವವರು ಯಾರು ಬೇಕಾದರೂ ನಡೆಸಬಹುದು.

ಮೊದಲು ಮಾಡಿಕೊಳ್ಳಬೇಕಾದ ತಯಾರಿ

ಎಂಟರಿಂದ ಹನ್ನೆರಡು ಜನ ಇದ್ದರೆ ಚೆನ್ನ. ಹದಿನೈದು ದಾಟಿದರೆ ನಾಲ್ಕು ಜನ ಮಾತಾಡುತ್ತಾರೆ, ಉಳಿದವರು ಕೇಳುತ್ತಾ ಕೂರುತ್ತಾರೆ. ಸಮಯ ಒಂದೂಕಾಲು ಗಂಟೆ: ಹಾಡು, ಪ್ರಾರ್ಥನೆಗೆ 10 ನಿಮಿಷ, ಓದಿಗೆ 15, ಮಾತುಕತೆಗೆ 35, ಕೊನೆಯ ಪ್ರಾರ್ಥನೆಗೆ 15. ಓದಿಗೆ 15 ನಿಮಿಷ ಜಾಸ್ತಿ ಅನ್ನಿಸಬಹುದು. ಆದರೆ ಪ್ರತಿ ಭಾಗವನ್ನೂ ಎರಡು ಸಲ, ಇಬ್ಬರು ಬೇರೆ ಬೇರೆ ಜನ, ನಿಧಾನವಾಗಿ ಓದಬೇಕು. ಒಮ್ಮೆ ಓದಿ ಬಿಟ್ಟರೆ ಜನ ತಮಗೆ ಮೊದಲೇ ಗೊತ್ತಿರುವುದನ್ನೇ ಕೇಳಿಸಿಕೊಳ್ಳುತ್ತಾರೆ. ಟೀ ಕೊಡುವುದಿದ್ದರೆ ಕೊನೆಗೆ ಕೊಡಿ.

ಬೈಬಲಿನ ಅನುವಾದವನ್ನು ಮೊದಲೇ ಗೊತ್ತುಮಾಡಿ. ಕೂಟದಲ್ಲಿ ಅರ್ಧ ಜನರ ಕೈಯಲ್ಲಿ ಬೈಬಲ್ ಸೊಸೈಟಿಯ ಹಳೆಯ ಜೆ.ವಿ. ಇರುತ್ತದೆ, ಇನ್ನು ಕೆಲವರ ಫೋನಿನಲ್ಲಿ ಸಿ.ಎಲ್. ಇರುತ್ತದೆ. ಒಂದರಲ್ಲಿ ಯೋಹಾನ, ಇನ್ನೊಂದರಲ್ಲಿ ಯೊವಾನ್ನ. ಒಂದರಲ್ಲಿ ಯೆಹೋವ, ಇನ್ನೊಂದರಲ್ಲಿ ಸರ್ವೇಶ್ವರ. ಮೊದಲ ಓದು ಎಲ್ಲರಿಗೂ ಒಂದೇ ಅನುವಾದದಿಂದ ಇರಲಿ, ಎರಡನೆಯದು ಇನ್ನೊಂದರಿಂದ. ಆಗ ವ್ಯತ್ಯಾಸ ಗೊಂದಲವಾಗದೆ ಪ್ರಶ್ನೆಯಾಗುತ್ತದೆ.

ನಡೆಸುವವರು ಪ್ರತಿ ಭಾಗಕ್ಕೂ ನೋಟ್‌ಬುಕ್ಕಿನಲ್ಲಿ ಎರಡೇ ಸಾಲು ಬರೆದುಕೊಂಡಿರಬೇಕು: ಈ ಭಾಗ ಏನು ಹೇಳುತ್ತದೆ, ಏನು ಹೇಳುವುದಿಲ್ಲ. ಎರಡನೆಯ ಸಾಲು ಬರೆಯದೆ ಕೂತವರು ಮಾತುಕತೆ ದಾರಿ ತಪ್ಪಿದಾಗ ವಾಪಸ್ ತರಲಾಗದೆ ಒದ್ದಾಡುತ್ತಾರೆ.

ಮೊದಲ ವಾರ: ಮನುಷ್ಯ ಯಾತಕ್ಕಾಗಿ

ಓದಬೇಕಾದದ್ದು ಆದಿಕಾಂಡ 1:26-28, 2:7, 2:15, ಆಮೇಲೆ 8ನೇ ಕೀರ್ತನೆ.

ದೇವರು ಮನುಷ್ಯನನ್ನು ತನ್ನ "ಸ್ವರೂಪ"ದಲ್ಲಿ ಉಂಟುಮಾಡಿದನು ಎಂಬ ಮಾತಿನಲ್ಲೇ ಕನ್ನಡದವರು ಎಡವುವುದು. ನಮ್ಮ ಕಿವಿಗೆ ಸ್ವರೂಪ ಅಂದರೆ ಒಳಗಿನ ನಿಜವಾದ ತತ್ವ. ಹಾಗಾಗಿ "ಮನುಷ್ಯನೂ ಒಳಗೆ ದೇವರೇ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಮೂಲ ಹೀಬ್ರೂ ಪದ ತ್ಸೆಲೆಮ್. ಅದೇ ಪದವನ್ನು ಅರಣ್ಯಕಾಂಡ 33:52ರಲ್ಲಿ ಎರಕ ಹೊಯ್ದ ವಿಗ್ರಹಗಳಿಗೆ ಬಳಸಿದ್ದಾರೆ. ಪ್ರಾಚೀನ ಪಶ್ಚಿಮ ಏಷ್ಯಾದ ಅರಸರು ತಮ್ಮ ಆಳ್ವಿಕೆಯ ಗುರುತಾಗಿ ದೂರದ ಪ್ರಾಂತ್ಯಗಳಲ್ಲಿ ತಮ್ಮ ಪ್ರತಿಮೆ ನಿಲ್ಲಿಸುತ್ತಿದ್ದರು. ಪ್ರತಿಮೆ ಅರಸನಲ್ಲ, ಆದರೆ ಅದನ್ನು ನೋಡಿದವನಿಗೆ ಇಲ್ಲಿ ಯಾರ ಆಳ್ವಿಕೆ ಅನ್ನುವುದು ಗೊತ್ತಾಗಬೇಕು. ಮನುಷ್ಯ ಭೂಮಿಯ ಮೇಲೆ ಹಾಗೆ ನಿಂತವನು. ಆದಿಕಾಂಡ ಆ ಪದವನ್ನು ಅರಸನೊಬ್ಬನಿಗೆ ಮೀಸಲಿಡದೆ ಗಂಡಿಗೂ ಹೆಣ್ಣಿಗೂ ಎಲ್ಲರಿಗೂ ಕೊಟ್ಟಿದೆ. ಹೊಸದು ಇರುವುದು ಅಲ್ಲಿ.

ಆಮೇಲೆ 2:15. ಏದೆನ್ ತೋಟವನ್ನು "ವ್ಯವಸಾಯ ಮಾಡುವುದಕ್ಕೂ ಕಾಯುವುದಕ್ಕೂ" ಮನುಷ್ಯನನ್ನು ಅಲ್ಲಿ ಇರಿಸಲಾಯಿತು. ಈ ಎರಡು ಕ್ರಿಯಾಪದಗಳೇ ಅರಣ್ಯಕಾಂಡ 3:7-8ರಲ್ಲಿ ಲೇವಿಯರು, ಅಂದರೆ ಆರಾಧನೆಯ ಸೇವೆಗೆಂದೇ ನೇಮಕವಾದ ಕುಲದವರು, ದೇವದರ್ಶನದ ಗುಡಾರದಲ್ಲಿ ಮಾಡುವ ಸೇವೆಗೂ ಬಂದಿವೆ. ಅಂದರೆ ತೋಟದ ಕೆಲಸಕ್ಕೂ ಗುಡಾರದ ಸೇವೆಗೂ ಒಂದೇ ಮಾತು. ಪಾಪದ ಕಥೆ ಬರುವುದು 3ನೇ ಅಧ್ಯಾಯದಲ್ಲಿ, ಕೆಲಸ ಅದಕ್ಕೂ ಮೊದಲಿನದು. ಕೆಲಸವೇ ಶಾಪ ಎಂದು ತಿಳಿದಿರುವವರಿಗೆ ಅಧ್ಯಾಯದ ಸಂಖ್ಯೆ ತೋರಿಸಿದರೆ ಸಾಕು.

ಕೇಳಬೇಕಾದ ಪ್ರಶ್ನೆ ಒಂದೇ: "ಈ ವಾರ ನೀವು ಮಾಡಿದ್ದರಲ್ಲಿ ಯಾವುದು ವ್ಯವಸಾಯ, ಯಾವುದು ಕಾಯುವುದು?" ಅಡುಗೆ, ಲೆಕ್ಕಪತ್ರ, ಬಸ್ ಓಡಿಸುವುದು, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವುದು, ಎಲ್ಲ ಬರಲಿ. "ನಾನೇನು ಸೇವೆ ಮಾಡೋದು, ಟೈಲರಿಂಗ್ ಮಾಡ್ತೀನಿ ಅಷ್ಟೆ" ಎಂದು ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿ. ದೇವರ ಸೇವೆ ಬೇರೆ, ಲೋಕದ ಕೆಲಸ ಬೇರೆ ಎಂದು ಸಭೆಯಲ್ಲಿ ನಾವೇ ಎಳೆದಿಟ್ಟ ಗೆರೆ ಅದು.

ಇದರ ಎದುರಿನ ತಪ್ಪೂ ಒಂದಿದೆ. ಕೆಲಸ ಮಾಡಲಾಗದವರು ಯಾತಕ್ಕೂ ಬಾರದವರು ಎಂದು ಅರ್ಥವಾಗಿಬಿಡಬಹುದು. ಆದಿಕಾಂಡ 9:6, ಯಾಕೋಬ 3:9 ಓದಿಸಿ. ಪಾಪದ ನಂತರವೂ ಎಲ್ಲ ಮನುಷ್ಯರಲ್ಲೂ ಆ ಹೋಲಿಕೆ ಉಳಿದಿದೆ, ಅದಕ್ಕೇ ಕೊಲ್ಲಬಾರದು, ಶಪಿಸಬಾರದು. ಅದು ಸಾಮರ್ಥ್ಯಕ್ಕೆ ಸಿಕ್ಕ ಸರ್ಟಿಫಿಕೇಟ್ ಅಲ್ಲ. ಮದುವೆ ಮಾತು ಬಂದಾಗ ಜಾತಿ ವಿಚಾರಿಸುವ ಕ್ರೈಸ್ತ ಮನೆಗಳು ಇನ್ನೂ ಇರುವಾಗ ಯಾಕೋಬನ ಆ ವಚನವನ್ನು ಬೇಗ ದಾಟಿಹೋಗಬೇಡಿ.

1647ರ ವೆಸ್ಟ್‌ಮಿನ್‌ಸ್ಟರ್ ಕಿರು ಪ್ರಶ್ನೋತ್ತರಿಯ ಮೊದಲ ಪ್ರಶ್ನೆಯೇ ಮನುಷ್ಯನ ಮುಖ್ಯ ಗುರಿ ಏನು ಅನ್ನುವುದು. ದೇವರನ್ನು ಮಹಿಮೆಪಡಿಸುವುದು, ಆತನಲ್ಲಿ ಎಂದೆಂದಿಗೂ ಆನಂದಿಸುವುದು ಎಂಬುದು ಅದರ ಉತ್ತರ. ಕೂಟಗಳಲ್ಲಿ ಮೊದಲರ್ಧ ಎಲ್ಲರಿಗೂ ಬಾಯಿಪಾಠ, ಎರಡನೆಯದನ್ನು ಮರೆತಿರುತ್ತಾರೆ. ಆನಂದ ಅನ್ನುವ ಪದವನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ, ನಾಲ್ಕು ವಾರವೂ ಅಲ್ಲೇ ಇರಲಿ.

ಎರಡನೆಯ ವಾರ: ಈಗಲೇ ಶುರು

ಯೋಹಾನ 17:3, 5:24, 6:54, ಮತ್ತು 1 ಯೋಹಾನ 5:11-13.

ಎಲ್ಲರಿಗೂ ಪೆನ್ಸಿಲ್ ಕೊಡಿ. "ಹೊಂದಿದ್ದಾನೆ", "ಸೇರಿದ್ದಾನೆ", "ಉಂಟು" ಅನ್ನುವಂಥ ಮಾತುಗಳ ಕೆಳಗೆ ಒಂದು ಗೆರೆ. "ಎಬ್ಬಿಸುವೆನು" ಅನ್ನುವಂಥ ಮುಂದಿನ ಮಾತಿಗೆ ಎರಡು ಗೆರೆ. ನಂಬುವವನು ಈಗಾಗಲೇ ಮರಣದಿಂದ ಜೀವಕ್ಕೆ ದಾಟಿದ್ದಾನೆ ಅನ್ನುವುದು 5:24. ಒಂದೇ ವಚನದಲ್ಲಿ ಎರಡೂ ಬಗೆಯ ಗೆರೆ ಬೀಳುವುದು 6:54ರಲ್ಲಿ: ನಿತ್ಯಜೀವ ಈಗ ಇದೆ, ಎಬ್ಬಿಸುವುದು ಕಡೇ ದಿನದಲ್ಲಿ. ಇಡೀ ಪಾಠದ ಅಸ್ತಿಭಾರ ಈ ವಚನ. ಈ ವಾರ ಅದರ ಮೊದಲ ಅರ್ಧ, ಮುಂದಿನ ವಾರ ಎರಡನೆಯದು.

ಆಡುಕನ್ನಡ ಇಲ್ಲಿ ಸ್ವಲ್ಪ ಮೋಸ ಮಾಡುತ್ತದೆ. "ಸಿಗುತ್ತದೆ" ಅಂದರೆ ಈಗಲೂ ಆಗಬಹುದು, ನಾಳೆಯೂ ಆಗಬಹುದು. "ನಂಬಿದವರಿಗೆ ನಿತ್ಯಜೀವ ಸಿಗುತ್ತದೆ" ಎಂದು ನೀವು ಹೇಳಿದರೆ ಕೇಳುವವರು ಸಹಜವಾಗಿ "ಮುಂದೆ" ಎಂದು ತಿಳಿಯುತ್ತಾರೆ. "ಸಿಕ್ಕಿದೆ" ಎಂದೇ ಹೇಳಿ.

ಗ್ರೀಕಿನ ಜೋಯೆ ಐಯೋನಿಯೋಸ್ ಅನ್ನುವುದನ್ನು ನಾವು ನಿತ್ಯಜೀವ ಅನ್ನುತ್ತೇವೆ. ಐಯೋನ್ ಅಂದರೆ ಯುಗ. ಯೆಹೂದ್ಯರು ಈ ಯುಗ, ಬರುವ ಯುಗ ಎಂದು ಕಾಲವನ್ನು ಎರಡಾಗಿ ಕಾಣುತ್ತಿದ್ದರು. ಮಾರ್ಕ 10:30ರಲ್ಲಿ ಬರುವ ಲೋಕದಲ್ಲಿ ನಿತ್ಯಜೀವ ಎಂಬ ಮಾತು ಬಂದಿರುವುದು ಅದೇ ಲೆಕ್ಕದಲ್ಲಿ. ಬರುವ ಯುಗದ ಜೀವ ಯೇಸುವಿನಲ್ಲಿ ಈ ಯುಗದೊಳಗೇ ಕಾಲಿಟ್ಟಿದೆ ಅನ್ನುವುದು ಯೋಹಾನನ ಸುದ್ದಿ. ಆದ್ದರಿಂದ ಬರಿಯ ಉದ್ದದ ಲೆಕ್ಕ ಸಾಲದು. ಈಗಿನಂತೆಯೇ ಮುಗಿಯದೆ ಬದುಕುವುದು ಯಾರಿಗೆ ಬೇಕು? ಕನ್ನಡದ "ನಿತ್ಯ" ಇಲ್ಲಿ ನಮ್ಮ ಸಹಾಯಕ್ಕೆ ಬರುತ್ತದೆ. ನಿತ್ಯ ಅಂದರೆ ಕೊನೆಯಿಲ್ಲದ್ದೂ ಹೌದು, ದಿನದಿನದ್ದೂ ಹೌದು. "ಹಾಲಿನವನು ನಿತ್ಯ ಬರ್ತಾನೆ" ಅನ್ನುವಾಗಿನ ನಿತ್ಯ. ಗ್ರೀಕಿನಲ್ಲಿ ಈ ಶ್ಲೇಷೆ ಇಲ್ಲ, ಅದರ ಮೇಲೆ ಸಿದ್ಧಾಂತ ಕಟ್ಟಬೇಡಿ. ನೆನಪಿಟ್ಟುಕೊಳ್ಳಲು ಮಾತ್ರ ಬಹಳ ಒಳ್ಳೆಯದು.

17:3ರಲ್ಲಿ ದೇವರನ್ನೂ ಆತನು ಕಳುಹಿಸಿದ ಯೇಸು ಕ್ರಿಸ್ತನನ್ನೂ "ತಿಳಿಯುವುದೇ" ನಿತ್ಯಜೀವ ಎಂದಿದೆ. ಜನ ಇದನ್ನು ಬೈಬಲ್ ಕ್ವಿಜ್ಜಿನ ತಿಳಿವಳಿಕೆ ಎಂದುಕೊಳ್ಳುತ್ತಾರೆ. ಊರಿನ ಎಂಎಲ್ಎ ಯಾರೆಂದು ಗೊತ್ತಿರುವುದು ಬೇರೆ, ಅವರ ಮನೆಯಲ್ಲಿ ಊಟಕ್ಕೆ ಕೂತ ಪರಿಚಯ ಬೇರೆ. ಯೋಹಾನ ಹೇಳುವುದು ಎರಡನೆಯದನ್ನು. "ಹಾಗಾದರೆ ಪರಲೋಕ ಅಂದರೆ ಮೊದಲಿಗೆ ಜಾಗವೋ, ಪರಿಚಯವೋ?" ಎಂದು ಕೇಳಿ, ಒಂದು ನಿಮಿಷ ಸುಮ್ಮನಿರಿ. ಮೌನ ತುಂಬಲು ನೀವೇ ಉತ್ತರ ಹೇಳಿಬಿಟ್ಟರೆ ಪ್ರಶ್ನೆ ವ್ಯರ್ಥ.

ಮೂರನೆಯ ವಾರ: ದೇಹ ಎಲ್ಲಿ ಹೋಯಿತು

ಎಲ್ಲಕ್ಕಿಂತ ಕಷ್ಟದ ವಾರ. ಬೇಕಾದರೆ ಬೇರೆ ಯಾವುದಾದರೂ ವಾರವನ್ನು ಮೊಟಕು ಮಾಡಿ, ಇದನ್ನು ಮಾತ್ರ ಮೊಟಕು ಮಾಡಬೇಡಿ. ಲೂಕ 24:36-43, 1 ಕೊರಿಂಥ 15:35-58, ದಾನಿಯೇಲ 12:2.

ಹಳೆಯ ಬಟ್ಟೆ ಬಿಸುಟು ಹೊಸದು ತೊಡುವಂತೆ ಆತ್ಮ ದೇಹ ಬದಲಿಸುತ್ತದೆ ಎಂಬ ಚಿತ್ರ ನಮ್ಮ ನೆಲದಲ್ಲಿ ಹುಟ್ಟಿದ ಎಲ್ಲರ ಮನಸ್ಸಿನಲ್ಲೂ ಇದೆ, ಕ್ರೈಸ್ತರ ಮನಸ್ಸಿನಲ್ಲೂ. ಅದು ಗೌರವಕ್ಕೆ ಅರ್ಹವಾದ, ಆಳವಾದ ಒಂದು ದರ್ಶನ; ಕೂಟದಲ್ಲಿ ಅದನ್ನು ಹೀಗಳೆಯುವ ಅಗತ್ಯವಿಲ್ಲ. ಆದರೆ ಬೈಬಲ್ ಹೇಳುವುದು ಬೇರೆ ಎಂದು ಸ್ಪಷ್ಟಪಡಿಸಬೇಕು. ಪ್ರಾಣ, ಜೀವ ಎಂಬ ಅರ್ಥದ ಹೀಬ್ರೂ ಪದ ನೆಫೆಶ್, ದೇಹದೊಳಗೆ ಬಂದು ಕೂತ ಅತಿಥಿಯಲ್ಲ. ಆದಿಕಾಂಡ 2:7ರಲ್ಲಿ ಮಣ್ಣು ಮತ್ತು ಶ್ವಾಸ ಸೇರಿದಾಗ ಮನುಷ್ಯ ಜೀವಂತ ನೆಫೆಶ್ "ಆದನು". ಅವನಿಗೆ ಅದು ಇದೆ ಅನ್ನುವುದಕ್ಕಿಂತ ಅವನೇ ಅದು. ಲೋಕವನ್ನೆಲ್ಲ ಗಳಿಸಿ ಏನನ್ನು ಕಳೆದುಕೊಂಡರೆ ಪ್ರಯೋಜನವೇನು ಎಂದು ಕೇಳುವ ಮಾರ್ಕ 8:36ರಲ್ಲಿ ಹಳೆಯ ಕನ್ನಡ ಬೈಬಲ್ "ಪ್ರಾಣ" ಎಂಬ ಪದ ಬಳಸಿರುವುದು ಬಹಳ ಜಾಣತನದ ಆಯ್ಕೆ.

ಕ್ರೈಸ್ತ ನಿರೀಕ್ಷೆ ದೇಹದಿಂದ ಬಿಡುಗಡೆಯಲ್ಲ, ದೇಹದ ಬಿಡುಗಡೆ. ಪ್ರತಿ ಭಾನುವಾರ ವಿಶ್ವಾಸ ಪ್ರಮಾಣದಲ್ಲಿ ಶರೀರದ ಪುನರುತ್ಥಾನವನ್ನು ನಂಬುತ್ತೇವೆ ಎಂದು ಹೇಳಿ, ಶವಸಂಸ್ಕಾರದಲ್ಲಿ ಮಾತ್ರ ಆತ್ಮದ ವಿಷಯವನ್ನಷ್ಟೇ ಮಾತಾಡುತ್ತೇವೆ.

ಪಾಠಕ್ಕೆ ಒಂದು ವಸ್ತು ಬೇಕು. ಎರಡನೆಯ ವಾರದ ಕೂಟ ಮುಗಿದ ರಾತ್ರಿಯೇ ಒಂದು ಹಳೆಯ ಲೋಟದ ತಳಕ್ಕೆ ತೂತು ಮಾಡಿ, ಮಣ್ಣು ತುಂಬಿ, ಚಿಟಿಕೆ ರಾಗಿಯನ್ನು ತೆಳ್ಳಗೆ ಮುಚ್ಚುವಂತೆ ಬಿತ್ತಿ, ದಿನಾ ನೀರು ಚಿಮುಕಿಸಿ. ಆಳಕ್ಕೆ ಹಾಕಿದರೆ ಮೇಲೆ ಬರುವುದಿಲ್ಲ. ಅಂಗಡಿಯಿಂದ ತಂದ ತುಂಬ ಹಳೆಯ ರಾಗಿ ಮೊಳೆಯದೆ ಇರಬಹುದು, ಆದ್ದರಿಂದ ಎರಡು ಲೋಟ ಇಡಿ. ಮೂರನೆಯ ವಾರದ ಹೊತ್ತಿಗೆ ಹಸಿರು ಗರಿ ಎದ್ದಿರುತ್ತದೆ. ಒಂದು ಕೈಯಲ್ಲಿ ರಾಗಿ ಕಾಳು, ಇನ್ನೊಂದರಲ್ಲಿ ಲೋಟ ಹಿಡಿದು 1 ಕೊರಿಂಥ 15:36-38 ಓದಿಸಿ. ಎರಡರಲ್ಲಿ ಹೋಲಿಕೆ ಇಲ್ಲ. ಆದರೂ ಇದು ಅದೇ ರಾಗಿ. ಇಲ್ಲಿಂದ ಹುರುಳಿ ಹುಟ್ಟಲಿಲ್ಲ. ಅದೇ ವ್ಯಕ್ತಿ, ಬದಲಾದ ದೇಹ ಅನ್ನುವುದೇ ಆ ಪತ್ರ ಬರೆದ ಪೌಲನ ವಾದ.

ಈ ಹೋಲಿಕೆಗೂ ಒಂದು ಅಪಾಯವಿದೆ. ಬೀಜ, ಪೈರು, ಮತ್ತೆ ಬೀಜ ಎಂದು ಚಕ್ರ ಸುತ್ತಿಸಿ ಯಾರಾದರೂ ಪುನರ್ಜನ್ಮಕ್ಕೆ ತಂದು ನಿಲ್ಲಿಸುತ್ತಾರೆ. ಪುನರ್ಜನ್ಮ ಬೇರೆ, ಪುನರುತ್ಥಾನ ಬೇರೆ. ಕಿವಿಗೆ ಎರಡೂ ಹತ್ತಿರ. ಪೌಲ ಪೈರಿಗೇ ನಿಲ್ಲಿಸುತ್ತಾನೆ, ಸುಗ್ಗಿಯ ಮುಂದಿನ ಬಿತ್ತನೆಯ ಮಾತೇ ಇಲ್ಲ. ಇಬ್ರಿಯ 9:27 ಸಾಯುವುದು ಒಂದೇ ಸಾರಿ ಅನ್ನುತ್ತದೆ. ಎರಡನ್ನೂ ತೋರಿಸಿ ಮುಂದಕ್ಕೆ ಹೋಗಿ.

ಇನ್ನೊಂದು ಗಂಟು 15:44ರ "ಆತ್ಮಿಕ ದೇಹ". ಹೊಗೆಯಂಥದ್ದು, ದೆವ್ವದಂಥದ್ದು ಎಂದು ಊಹಿಸುತ್ತಾರೆ. ಡೀಸೆಲ್ ಪಂಪ್‌ಸೆಟ್ ಡೀಸೆಲ್‌ನಿಂದ ಮಾಡಿದ್ದಲ್ಲ, ಡೀಸೆಲ್‌ನಿಂದ ಓಡುವಂಥದ್ದು. ಆತ್ಮಿಕ ದೇಹವೂ ಹಾಗೆ, ದೇವರ ಆತ್ಮದಿಂದ ನಡೆಯುವ ದೇಹ. ಇಷ್ಟರ ಮೇಲೂ ಅನುಮಾನ ಉಳಿದರೆ ಲೂಕ 24ಕ್ಕೆ ಹೋಗಿ. ಎದ್ದ ಯೇಸುವನ್ನು ಶಿಷ್ಯರು ಭೂತವೆಂದು ಹೆದರಿದರು. ಆತ ಕೈಕಾಲು ತೋರಿಸಿ, ತಿನ್ನಲು ಏನಿದೆ ಎಂದು ಕೇಳಿ, ಸುಟ್ಟ ಮೀನಿನ ತುಂಡನ್ನು ಅವರ ಕಣ್ಣೆದುರೇ ತಿಂದನು.

"ಹಾಗಾದರೆ ಈಗ ಸತ್ತವರು ಎಲ್ಲಿದ್ದಾರೆ?" ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಗೋಡೆಯ ಮೇಲೆ ಒಂದು ಗೆರೆ ಎಳೆದು ನಾಲ್ಕು ಗುರುತು ಹಾಕಿ: ನಂಬಿದ್ದು, ಸಾವು, ಪುನರುತ್ಥಾನ, ಹೊಸ ಆಕಾಶ ಹೊಸ ಭೂಮಿ. ಸಾವಿಗೂ ಪುನರುತ್ಥಾನಕ್ಕೂ ನಡುವೆ "ಕ್ರಿಸ್ತನೊಂದಿಗೆ" ಎಂದು ಬರೆಯಿರಿ. ಲೂಕ 23:43, ಫಿಲಿಪ್ಪಿ 1:23 ಅದಕ್ಕೆ ಆಧಾರ. ಸಭೆಗಳು ಬೇರೆ ಬೇರೆ ಮಾತಾಡುವುದು ಈ ನಡುವಣ ಭಾಗದ ಬಗ್ಗೆ. ಕಥೋಲಿಕರು ಅಲ್ಲಿ ಶುದ್ಧೀಕರಣವನ್ನು ನಂಬಿ ಸತ್ತವರಿಗಾಗಿ ಪ್ರಾರ್ಥಿಸುತ್ತಾರೆ, ನವೆಂಬರ್ 2 ಅದಕ್ಕೆಂದೇ ಇಟ್ಟ ದಿನ. ಪ್ರಾಟೆಸ್ಟೆಂಟರು ಅದನ್ನು ಒಪ್ಪುವುದಿಲ್ಲ. ಸೆವೆಂತ್ ಡೇ ಅಡ್ವೆಂಟಿಸ್ಟರು ಎಬ್ಬಿಸುವ ತನಕ ಅರಿವಿಲ್ಲದ ನಿದ್ರೆ ಎನ್ನುತ್ತಾರೆ. ಕೂಟದಲ್ಲಿ ಬೇರೆ ಸಭೆಯವರಿದ್ದರೆ ಇದನ್ನು ಚರ್ಚೆಗೆ ತೆಗೆಯದೆ ಹೇಳಿ ಮುಗಿಸಿ. ಗೆರೆಯ ಕೊನೆಯ ಎರಡು ಗುರುತುಗಳಲ್ಲಿ ಎಲ್ಲರೂ ಒಂದೇ.

ಕೊನೆಯ ಗುರುತಿಗೆ ಪ್ರಕಟನೆ 21:2 ಓದಿಸಿ. ಜನ ಮೇಲಕ್ಕೆ ಹೋಗುವುದಿಲ್ಲ, ಹೊಸ ಯೆರೂಸಲೇಮ್ ನಗರ ಕೆಳಕ್ಕೆ ಬರುತ್ತದೆ. ದೇವರ ನಿವಾಸ ಮನುಷ್ಯರ ಸಂಗಡ. ಮೊದಲ ವಾರದ ತೋಟದ ಜೀವವೃಕ್ಷ 22:2ರಲ್ಲಿ ನದಿಯ ದಡದಲ್ಲಿ ಮತ್ತೆ ನಿಂತಿದೆ.

ಶವ ಸುಡುವ ವಿಷಯವೂ ಬರುತ್ತದೆ. ಬೆಂಗಳೂರಿನಂಥ ಊರಿನಲ್ಲಿ ಸಮಾಧಿಗೆ ಜಾಗ ಸಾಲದೆ ಕುಟುಂಬದ ಹಳೆಯ ಕುಣಿಯನ್ನೇ ತೆರೆಯುವ ಪರಿಸ್ಥಿತಿ ಇರುವುದರಿಂದ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಹೂಳುವುದು ಪುನರುತ್ಥಾನದ ನಂಬಿಕೆಯನ್ನು ಕಣ್ಣಿಗೆ ಕಾಣಿಸುವ ಹಳೆಯ ರೂಢಿ, ಎಬ್ಬಿಸಲು ಇರಬೇಕಾದ ಷರತ್ತಲ್ಲ. ಕಥೋಲಿಕ ಸಭೆ 1963ರಲ್ಲಿ ದಹನದ ಮೇಲಿನ ನಿಷೇಧವನ್ನು ಸಡಿಲಿಸಿತು. ಚಿತಾಭಸ್ಮವನ್ನು ಚೆಲ್ಲದೆ ಒಂದು ಪವಿತ್ರ ಸ್ಥಳದಲ್ಲಿ ಇಡಬೇಕು ಎಂದು ಮಾತ್ರ ಹೇಳುತ್ತದೆ. ಬೆಂಕಿಗೆ ಹಾಕಿಸಿಕೊಂಡು ಸತ್ತ ರಕ್ತಸಾಕ್ಷಿಗಳನ್ನು ದೇವರು ಮರೆತಾನೇ ಎಂದು ಕೇಳಿದರೆ ಮುಗಿಯಿತು.

ನಾಲ್ಕನೆಯ ವಾರ: ಸಂಬಳವೋ ವರವೋ

ರೋಮ 6:23, ಎಫೆಸ 2:8-10, ಮತ್ತಾಯ 25:31-46, 1 ಕೊರಿಂಥ 15:58.

ರೋಮ 6:23ರಲ್ಲಿ ಎರಡು ಪದಗಳನ್ನು ಎದುರುಬದುರು ಇಡಿ. ಪಾಪ ಕೊಡುವುದು ಸಂಬಳ. ಅಲ್ಲಿನ ಗ್ರೀಕ್ ಪದ ಸಿಪಾಯಿಗಳ ಸಂಬಳಕ್ಕೆ ಬಳಸುವಂಥದ್ದು. ದೇವರು ಕೊಡುವುದು ವರ. ದುಡಿದು ಪಡೆದದ್ದು ಮರಣ, ದುಡಿಯದೆ ಸಿಕ್ಕಿದ್ದು ಜೀವ. ಎಫೆಸದಲ್ಲಿ 8, 9ನೇ ವಚನ ಓದಿ ನಿಲ್ಲಿಸುವ ಅಭ್ಯಾಸ ಬಹಳ ಜನರಿಗಿದೆ. 10ನ್ನೂ ಓದಿ: ರಕ್ಷಣೆ ಸತ್ಕ್ರಿಯೆಗಳಿಂದಲ್ಲ, ಸತ್ಕ್ರಿಯೆಗಳಿಗಾಗಿ. ಮತ್ತಾಯ 25 ಇಲ್ಲಿ ಹೊಂದುತ್ತದೆ. ಅಲ್ಲಿನ ಕಡೇ ತೀರ್ಪಿನಲ್ಲಿ ಅರಸನ ಬಲಗಡೆ ನಿಂತವರು ಹಸಿದವರಿಗೆ ಊಟ ಕೊಟ್ಟಿದ್ದರು, ಆದರೆ ತಾವು ಮಾಡಿದ್ದು ಯಾರಿಗೆಂದೇ ಅವರಿಗೆ ಗೊತ್ತಿರಲಿಲ್ಲ. ಲೆಕ್ಕ ಇಟ್ಟು ಮಾಡಿದವರು ಹೀಗೆ ಆಶ್ಚರ್ಯಪಡುವುದಿಲ್ಲ. ಅದೇ ಭಾಗದ 46ನೇ ವಚನದಲ್ಲಿ ಜೀವಕ್ಕೂ ದಂಡನೆಗೂ ಒಂದೇ ವಿಶೇಷಣವಿದೆ. ಆ ಗಂಭೀರತೆಯನ್ನು ಮುಚ್ಚಿಡಬೇಡಿ, ಬೆದರಿಸಲೂ ಬಳಸಬೇಡಿ.

ಆಗ ಮೂಲೆಯಲ್ಲಿ ಕೂತ ಯಾರೋ ಕೇಳುತ್ತಾರೆ, "ನಮ್ಮಜ್ಜಿ ಯೇಸುವಿನ ಹೆಸರೇ ಕೇಳದೆ ತೀರಿಕೊಂಡರು. ಅವರು?" ಕರ್ನಾಟಕದ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಇದು ನಿಜವಾದ ನೋವು. ತೀರ್ಪು ಹೇಳಬೇಡಿ, ಎರಡೂ ಕಡೆಗೆ. ಸಭೆಗಳ ಉತ್ತರ ಇದರಲ್ಲಿ ಒಂದೇ ಅಲ್ಲ. ನ್ಯಾಯತೀರಿಸುವವನು ನೀತಿವಂತನು ಎಂಬ ಆದಿಕಾಂಡ 18:25ರ ಮಾತಿನ ಮೇಲೆ ಕೈಯಿಟ್ಟು ಅಜ್ಜಿಯ ಹೆಸರೇನು, ಹೇಗಿದ್ದರು ಎಂದು ಕೇಳಿ. ಪಾಠ ಹತ್ತು ನಿಮಿಷ ತಡವಾದರೆ ಆಗಲಿ.

ಅಂತ್ಯಕಾಲದ ತಾರೀಖು ಹೇಳುವ ವಾಟ್ಸಾಪ್ ಸಂದೇಶ ಓದಲು ಫೋನ್ ತೆಗೆಯುವವರಿಗೆ ಮಾತ್ರ ಹತ್ತು ನಿಮಿಷ ಕೊಡಬೇಡಿ. ಮಾರ್ಕ 13:32 ಓದಿಸಿ, ಫೋನ್ ಒಳಗಿಡಿಸಿ.

ಕೂಟದಲ್ಲಿ ದುಃಖದ ಮನೆಯವರಿದ್ದರೆ

ಹತ್ತಿರದವರನ್ನು ಇತ್ತೀಚೆಗೆ ಕಳೆದುಕೊಂಡವರು ಇದ್ದರೆ ಮೂರನೆಯ ವಾರದ ವಿಷಯವನ್ನು ಮೊದಲೇ ಮನೆಗೆ ಹೋಗಿ ತಿಳಿಸಿ. ಬರುವುದು ಬಿಡುವುದು ಅವರ ಇಷ್ಟ. ಬಂದರೆ "ದೇವರಿಗೆ ಬೇಕಾಗಿತ್ತು, ಕರೆದುಕೊಂಡ" ಎಂದು ಯಾರೂ ಹೇಳದಂತೆ ನೋಡಿಕೊಳ್ಳಿ. ಪೌಲ ಮರಣವನ್ನು ಕಡೆಯ ಶತ್ರು ಎಂದು ಕರೆದಿದ್ದಾನೆ, ದೇವರ ಆಳು ಎಂದಲ್ಲ. ಲಾಜರನನ್ನು ಎಬ್ಬಿಸುತ್ತೇನೆಂದು ಗೊತ್ತಿದ್ದೇ ಯೇಸು ಸಮಾಧಿಗೆ ಹೋಗುವ ದಾರಿಯಲ್ಲಿ ಅತ್ತನು.

ಸಾವಿನ ಮನೆಯಲ್ಲಿ ನಿಮ್ಮನ್ನೇ ವಾಕ್ಯ ಹೇಳಲು ಕೇಳಿದರೆ ಯೋಹಾನ 11:21-27 ಸಾಕು. ಲಾಜರನ ಸಹೋದರಿ ಮಾರ್ಥಳಿಗೆ ಕಡೇ ದಿನದ ಪುನರುತ್ಥಾನ ಗೊತ್ತಿತ್ತು. ಅದು ನಿಮ್ಮ ಮೂರನೆಯ ವಾರ. "ನಾನೇ ಪುನರುತ್ಥಾನವೂ ಜೀವವೂ" ಎಂದು ಎದುರಿಗೆ ನಿಂತವನು ನಿಮ್ಮ ಎರಡನೆಯ ವಾರ. ಇದನ್ನು ಅಲ್ಲಿ ವಿವರಿಸಲು ಹೋಗಬೇಡಿ. ನಿಧಾನವಾಗಿ ಓದಿ, ಎರಡು ಮಾತು ಪ್ರಾರ್ಥಿಸಿ, ಕೆಳಗೆ ಚಾಪೆಯ ಮೇಲೆ ಅವರ ಪಕ್ಕದಲ್ಲೇ ಕೂತುಕೊಳ್ಳಿ. ಯಾರಾದರೂ ಟೀ ತಂದಾಗ ಮೊದಲ ಲೋಟ ಅವರ ಕೈಗೆ ಕೊಡಿ.